ಒಂದು ಲೀಟರ್, ಎರಡು ಸರ್ಕಾರ

1938ರಲ್ಲಿ ನಾಗಪುರದಿಂದ ಆಡಳಿತ ನಡೆಸುತ್ತಿದ್ದ ಮಧ್ಯ ಪ್ರಾಂತ್ಯ ಮತ್ತು ಬೇರಾರ್ ಸರ್ಕಾರ ಒಂದು ಪುಟ್ಟ ಕಾಯ್ದೆ ಮಾಡಿತು. ಪ್ರಾಂತ್ಯದ ಒಳಗೆ ಚಿಲ್ಲರೆಯಾಗಿ ಮಾರುವ ಪೆಟ್ರೋಲ್ ಮತ್ತು ಕೀಲೆಣ್ಣೆಯ ಬೆಲೆಯ ಮೇಲೆ ಶೇ 5 ತೆರಿಗೆ. ಆಗಿನ ಕಾನೂನಿನ ಭಾಷೆಯಲ್ಲಿ ಪೆಟ್ರೋಲಿಗೆ ‘ಮೋಟಾರ್ ಸ್ಪಿರಿಟ್’ ಎಂದು ಹೆಸರು. ಮೋಟಾರು ಇಟ್ಟುಕೊಂಡವರೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಇದರಿಂದ ಬರುವ ಹಣ ಎಷ್ಟಿದ್ದೀತು? ಆದರೂ ದೆಹಲಿಯ ಸರ್ಕಾರಕ್ಕೆ ಇದು ಸರಿಬರಲಿಲ್ಲ. ಪೆಟ್ರೋಲಿನ ಮೇಲೆ ಅಬಕಾರಿ ಸುಂಕ ಹಾಕುವ ಹಕ್ಕು ಕೇಂದ್ರದ್ದು, ಪ್ರಾಂತ್ಯ ಹಾಕಿರುವುದು ಬೇರೆ ಹೆಸರಿನ ಅಬಕಾರಿ ಸುಂಕವೇ ಎಂಬುದು ಅದರ ವಾದ. ಗವರ್ನರ್ ಜನರಲ್ ಈ ಪ್ರಶ್ನೆಯನ್ನು ಹೊಸದಾಗಿ ಸ್ಥಾಪನೆಯಾಗಿದ್ದ ಫೆಡರಲ್ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು.

ಇವತ್ತು ಮುಂಬೈಯಲ್ಲೋ ಹೈದರಾಬಾದಿನಲ್ಲೋ ಬಂಕಿನ ಮುಂದೆ ನಿಂತು ‘ಇದರಲ್ಲಿ ಕೇಂದ್ರದ್ದೆಷ್ಟು, ರಾಜ್ಯದ್ದೆಷ್ಟು’ ಎಂದು ಜಗಳವಾಡುವವರು ಮುಂದುವರಿಸುತ್ತಿರುವುದು ಈ ಮೊಕದ್ದಮೆಯನ್ನೇ.

ಪೆಟ್ರೋಲಿನ ತೆರಿಗೆ ಅದಕ್ಕಿಂತ ಹಳೆಯದು. ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಬ್ರಿಟಿಷ್ ಸರ್ಕಾರ ಮೋಟಾರ್ ಸ್ಪಿರಿಟ್ ಸುಂಕದ ಕಾಯ್ದೆ ತಂದಿತು. ಯುದ್ಧಕ್ಕೆ ಬೇಕಾದ ಎಣ್ಣೆಯನ್ನು ಖಾಸಗಿ ಮೋಟಾರುಗಳು ಕುಡಿದು ಮುಗಿಸಬಾರದು ಎಂಬುದು ಅದರ ಹಿಂದಿದ್ದ ಕಾರಣ. ಮರುವರ್ಷ ಯುದ್ಧ ಮುಗಿಯಿತು. ಸುಂಕ ಮುಗಿಯಲಿಲ್ಲ.

ಯುದ್ಧದ ನಂತರ ಮೋಟಾರು ಬಸ್ಸುಗಳು ಊರೂರಿಗೆ ಬಂದವು. ಎತ್ತಿನ ಗಾಡಿಗೆಂದು ಮಾಡಿದ ಜಲ್ಲಿ ರಸ್ತೆಗಳು ಅವುಗಳ ಓಟಕ್ಕೆ ಕಿತ್ತು ಹೋಗತೊಡಗಿದವು. ರಸ್ತೆ ಪ್ರಾಂತ್ಯಗಳ ಜವಾಬ್ದಾರಿ, ಪ್ರಾಂತ್ಯಗಳ ಕೈಯಲ್ಲೋ ಕಾಸಿಲ್ಲ. 1927ರಲ್ಲಿ ಬೊಂಬಾಯಿಯ ಬ್ಯಾರಿಸ್ಟರ್ ಮುಕುಂದರಾವ್ ಜಯಕರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕೂತಿತು. ಮುಂದೆ ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಇವರೇ, ಅಲ್ಲಿನ ಗ್ರಂಥಾಲಯಕ್ಕೆ ಇವರ ಹೆಸರಿದೆ. ರಸ್ತೆಯನ್ನು ಸವೆಸುವವರೇ ರಸ್ತೆಗೆ ಕೊಡಲಿ ಎಂಬುದು ಸಮಿತಿಯ ಸರಳವಾದ ಲೆಕ್ಕ. ಗ್ಯಾಲನ್ನಿಗೆ 4 ಆಣೆ ಇದ್ದ ಪೆಟ್ರೋಲ್ ಸುಂಕವನ್ನು 6 ಆಣೆಗೆ ಏರಿಸಿ, ಹೆಚ್ಚಿನ 2 ಆಣೆಯನ್ನು ಬೇರೆ ಯಾವುದಕ್ಕೂ ಮುಟ್ಟದೆ ರಸ್ತೆಗೆ ಇಡಬೇಕು. 1929ರ ಮಾರ್ಚಿನಲ್ಲಿ ಇದು ಜಾರಿಗೆ ಬಂತು, ಕೇಂದ್ರ ರಸ್ತೆ ನಿಧಿ ಹುಟ್ಟಿತು. ದೆಹಲಿ ಒಂದು ಪಾಲನ್ನು ತನ್ನ ಬಳಿ ಇಟ್ಟುಕೊಂಡು, ಉಳಿದದ್ದನ್ನು ಯಾವ ಪ್ರಾಂತ್ಯದಲ್ಲಿ ಎಷ್ಟು ಪೆಟ್ರೋಲ್ ಖರ್ಚಾಗುತ್ತದೋ ಅದರ ಪ್ರಮಾಣದಲ್ಲಿ ಹಂಚುತ್ತಿತ್ತು. ಇಂಧನ ತೆರಿಗೆಯ ಇತಿಹಾಸದಲ್ಲಿ ಇಷ್ಟು ನೇರವಾದ ಏರ್ಪಾಡು ಮತ್ತೆ ಬರಲಿಲ್ಲ ಎಂದೇ ಹೇಳಬೇಕು. ಯಾಕೆ ವಸೂಲಿ, ಎಷ್ಟು ವಸೂಲಿ, ಯಾರಿಗೆ ಹೋಗುತ್ತದೆ ಎಂಬ ಮೂರೂ ಒಂದೇ ಕಡೆ ಬರೆದಿದ್ದವು.

ಮತ್ತೆ ನಾಗಪುರದ ಕಾಯ್ದೆಗೆ ಬಂದರೆ, 1938ರಲ್ಲಿ ಫೆಡರಲ್ ಕೋರ್ಟಿನ ಪೀಠದಲ್ಲಿ ಇದ್ದವರು ಮೂವರು: ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಾಯರ್, ಶಾ ಮಹಮ್ಮದ್ ಸುಲೈಮಾನ್, ಮತ್ತು ಅದೇ ಜಯಕರ್. ಮೂವರೂ ಪ್ರಾಂತ್ಯದ ಪರವಾಗಿ ನಿಂತರು. ಸರಕು ತಯಾರಾಗುವ ಹಂತದಲ್ಲಿ ಬೀಳುವುದು ಅಬಕಾರಿ ಸುಂಕ, ಅದು ಕೇಂದ್ರದ್ದು. ಅದೇ ಸರಕು ಅಂಗಡಿಯಲ್ಲಿ ಮಾರಾಟವಾಗುವಾಗ ಬೀಳುವುದು ಮಾರಾಟ ತೆರಿಗೆ, ಅದು ಪ್ರಾಂತ್ಯದ್ದು. ಎರಡೂ ಕೊನೆಗೆ ಕೊಳ್ಳುವವನ ಜೇಬಿಗೇ ಬಂದರೂ ಕಾನೂನಿನ ಕಣ್ಣಲ್ಲಿ ಬೇರೆ ಬೇರೆ. ಮರುವರ್ಷವೇ ಮದ್ರಾಸಿನಲ್ಲಿ ರಾಜಾಜಿ ಸರ್ಕಾರ ಎಲ್ಲ ಸರಕುಗಳಿಗೂ ಅನ್ವಯಿಸುವ ಮಾರಾಟ ತೆರಿಗೆ ತಂದಿತು. ಪಾನನಿರೋಧದಿಂದ ಕಳೆದುಕೊಂಡ ಹಣವನ್ನು ಅದು ಎಲ್ಲಿಂದಾದರೂ ತರಬೇಕಿತ್ತು.

ಈ ವಿಭಜನೆ ಹಾಗೆಯೇ ಸ್ವತಂತ್ರ ಭಾರತದ ಸಂವಿಧಾನಕ್ಕೂ ಬಂತು. ಒಂದು ಲೀಟರಿನ ಮೇಲೆ ಎರಡು ಕೈ, ಯಾವ ಕೈ ಎಷ್ಟು ತೆಗೆದುಕೊಂಡಿತು ಎಂದು ಬಂಕಿನ ಬೋರ್ಡು ಹೇಳುವುದಿಲ್ಲ. ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತಿದ್ದ ದಶಕಗಳಲ್ಲಿ ಸಿಟ್ಟೆಲ್ಲ ದೆಹಲಿಯ ಮೇಲೇ ಇರುತ್ತಿತ್ತು. 1973ರ ನವೆಂಬರಿನಲ್ಲಿ, ಅರಬ್ ತೈಲ ಬಿಕ್ಕಟ್ಟಿನ ನಡುವೆ ಬೆಲೆ ಏರಿದಾಗ, ಅಟಲ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದಿಳಿದರು. ಆ ಚಿತ್ರ ಈಗಲೂ ಪ್ರತಿ ಬೆಲೆಯೇರಿಕೆಗೆ ಹೊರಬರುತ್ತದೆ. ಹೊರತೆಗೆಯುವ ಪಕ್ಷ ಮಾತ್ರ ಆಗಾಗ ಬದಲಾಗುತ್ತದೆ.

ಆ ಕಾಲದ ಇನ್ನೊಂದು ಫಲವನ್ನು ಅರ್ಥಶಾಸ್ತ್ರದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಪೆಟ್ರೋಲ್ ಉಳ್ಳವರದ್ದು, ಡೀಸೆಲ್ ರೈತರದ್ದು ಮತ್ತು ಲಾರಿಯವರದ್ದು, ಸೀಮೆಎಣ್ಣೆ ಬಡವರದ್ದು ಎಂಬ ಲೆಕ್ಕದಲ್ಲಿ ತೆರಿಗೆ ಮತ್ತು ಸಬ್ಸಿಡಿಗಳು ಮೂರಕ್ಕೂ ಮೂರು ಬೆಲೆ ಮಾಡಿದವು. ಉದ್ದೇಶ ಒಳ್ಳೆಯದೇ. ಆದರೆ ಡೀಸೆಲ್ ಅಗ್ಗವಾದದ್ದರಿಂದ ಉಳ್ಳವರೇ ಡೀಸೆಲ್ ಕಾರು ಕೊಂಡರು. 2012ರ ಹೊತ್ತಿಗೆ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಸುಮಾರು ಅರ್ಧ ಡೀಸೆಲಿನವು. ಪಡಿತರದ ಸೀಮೆಎಣ್ಣೆ ಡೀಸೆಲಿಗಿಂತ ಎಷ್ಟೋ ಅಗ್ಗವಾದದ್ದರಿಂದ ಅದು ಗುಡಿಸಲಿನ ಒಲೆಗೆ ಹೋಗುವ ಬದಲು ಬಂಕಿನ ಟ್ಯಾಂಕಿಗೆ ಹೋಯಿತು. ಕಲಬೆರಕೆ ಗುರುತಿಸಲೆಂದು ಅದಕ್ಕೆ ನೀಲಿ ಬಣ್ಣ ಬೆರೆಸಿದ್ದರೂ ದಂಧೆ ನಿಲ್ಲಲಿಲ್ಲ. 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಇಂಡಿಯನ್ ಆಯಿಲ್‌ನ ಯುವ ಅಧಿಕಾರಿ ಎಸ್. ಮಂಜುನಾಥ್ ಕೊಲೆಯಾದದ್ದು ಇಂಥ ಕಲಬೆರಕೆಯ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ. ಕೋಲಾರ ಜಿಲ್ಲೆಯಿಂದ ಹೋಗಿದ್ದ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿದವರು. ಎರಡು ಎಣ್ಣೆಗಳ ನಡುವಿನ ಕೆಲವು ರೂಪಾಯಿಗಳ ಅಂತರವೇ ಆ ಊರಿನ ದಂಧೆಯ ಬಂಡವಾಳವಾಗಿತ್ತು.

ಬೆಲೆ ನಿಯಂತ್ರಣ ಹಂತಹಂತವಾಗಿ ಸಡಿಲವಾಯಿತು. ಪೆಟ್ರೋಲ್ 2010ರ ಜೂನಿನಲ್ಲಿ, ಡೀಸೆಲ್ 2014ರ ಅಕ್ಟೋಬರಿನಲ್ಲಿ ಸರ್ಕಾರದ ಹಿಡಿತ ಬಿಟ್ಟಿತು. ಬೆಲೆ ಮಾರುಕಟ್ಟೆಯದು, ಕಚ್ಚಾ ತೈಲ ಇಳಿದರೆ ಬಂಕಿನಲ್ಲೂ ಇಳಿಯುತ್ತದೆ ಎಂದು ಹೇಳಲಾಯಿತು. ಇದೇ ಹೊತ್ತಿಗೆ ಕಚ್ಚಾ ತೈಲದ ಬೆಲೆ ಕುಸಿಯಿತು. 2014ರ ನವೆಂಬರಿನಿಂದ 2016ರ ಜನವರಿಯವರೆಗೆ ಕೇಂದ್ರ ಒಂಬತ್ತು ಸಲ ಅಬಕಾರಿ ಸುಂಕ ಏರಿಸಿತು. ಲೀಟರ್ ಪೆಟ್ರೋಲಿಗೆ 9 ರೂಪಾಯಿ 48 ಪೈಸೆ ಇದ್ದದ್ದು 21 ರೂಪಾಯಿ 48 ಪೈಸೆಗೆ ಹೋಯಿತು. 2020ರ ಲಾಕ್‌ಡೌನಿನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲ ಬ್ಯಾರೆಲ್ಲಿಗೆ 20 ಡಾಲರ್ ಆಸುಪಾಸಿಗೆ ಬಿದ್ದಾಗ, ಮೇ ತಿಂಗಳ ಒಂದೇ ರಾತ್ರಿಯಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿತು. ಅಗ್ಗವಾದ ಎಣ್ಣೆಯ ಲಾಭ ಬಂಕಿನವರೆಗೆ ಬರಲೇ ಇಲ್ಲ. ಕೇಂದ್ರಕ್ಕೆ ಪೆಟ್ರೋಲಿಯಂ ಅಬಕಾರಿಯಿಂದ 2014-15ರಲ್ಲಿ ಬಂದದ್ದು ಸುಮಾರು 99 ಸಾವಿರ ಕೋಟಿ ರೂಪಾಯಿ, 2020-21ರಲ್ಲಿ ಸುಮಾರು 3.7 ಲಕ್ಷ ಕೋಟಿ. ಅದೇ ಅವಧಿಯಲ್ಲಿ ಎಲ್ಲ ರಾಜ್ಯಗಳ ಮಾರಾಟ ತೆರಿಗೆ ಸೇರಿ 1.37 ಲಕ್ಷ ಕೋಟಿಯಿಂದ 2 ಲಕ್ಷ ಕೋಟಿಗೆ ಬಂದಿತ್ತು. ಹಿಂದಿನ ಯುಪಿಎ ಸರ್ಕಾರ ಬರೆದುಕೊಟ್ಟ ತೈಲ ಬಾಂಡುಗಳ ಹೊರೆ ಇದೆ, ಆದ್ದರಿಂದ ಸುಂಕ ಇಳಿಸಲಾಗದು ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2021ರಲ್ಲಿ ಹೇಳಿದರು. ಹೊರೆ ಇದ್ದದ್ದು ನಿಜ. ಆದರೆ ಬಾಂಡುಗಳ ಅಸಲು ಅಷ್ಟನ್ನೂ, ಅಂದರೆ ಸುಮಾರು 1.3 ಲಕ್ಷ ಕೋಟಿಯನ್ನು, ಒಂದೇ ವರ್ಷದಲ್ಲಿ ತೀರಿಸಿದ್ದರೂ ಆ ವರ್ಷದ ವಸೂಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿತ್ತು.

ಏರಿಕೆಗಿಂತ ಮುಖ್ಯವಾದದ್ದು ಆ ಸುಂಕದ ಒಳಗಿನ ರಚನೆ. ಕೇಂದ್ರ ವಸೂಲಿ ಮಾಡುವ ತೆರಿಗೆಯಲ್ಲಿ ಒಂದು ಪಾಲು ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೆ ಹೋಗಬೇಕು. ಸೆಸ್ ಮತ್ತು ಮೇಲ್ತೆರಿಗೆಗಳನ್ನು ಮಾತ್ರ ಹಂಚಬೇಕಿಲ್ಲ. ಜಯಕರ್ ಸಮಿತಿಯ 2 ಆಣೆ 1998ರ ನಂತರ ಲೀಟರಿಗೆ 1 ರೂಪಾಯಿಯ ರಸ್ತೆ ಸೆಸ್ ಆಗಿ ಮರುಹುಟ್ಟು ಪಡೆದಿತ್ತು, 2000ರಲ್ಲಿ ಅದಕ್ಕೊಂದು ಕಾಯ್ದೆಯೂ ಆಯಿತು. ವಾಜಪೇಯಿ ಕಾಲದ ಸುವರ್ಣ ಚತುಷ್ಪಥಕ್ಕೆ ಆ ಹಣ ಆಧಾರವಾಯಿತು. ಮುಂಬೈ, ಪುಣೆಗಳಿಂದ ಬೆಳಗಾವಿ, ಹುಬ್ಬಳ್ಳಿ, ತುಮಕೂರು ಹಾದು ಬೆಂಗಳೂರಿಗೆ ಬರುವ ದಾರಿ ಅದರ ಒಂದು ಭುಜ. (ಹಬ್ಬಕ್ಕೆ ಊರಿಗೆ ಹೊರಟ ಪುಣೆಯ ಕನ್ನಡಿಗರು ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿಗಳಲ್ಲಿ ಅದೇ ರಸ್ತೆಗೆ ಮತ್ತೆ ಟೋಲ್ ಕಟ್ಟುತ್ತಾರೆ ಎಂಬುದು ಬೇರೆ ಮಾತು.)

2018ರ ಬಜೆಟ್ಟಿನಲ್ಲಿ ಒಂದು ಕೈಚಳಕ ನಡೆಯಿತು. ಮೂಲ ಅಬಕಾರಿ ಸುಂಕ 2 ರೂಪಾಯಿ ಇಳಿಯಿತು, 6 ರೂಪಾಯಿಯ ಹೆಚ್ಚುವರಿ ಸುಂಕ ರದ್ದಾಯಿತು, ಅವೆರಡರ ಜಾಗದಲ್ಲಿ 8 ರೂಪಾಯಿಯ ‘ರಸ್ತೆ ಮತ್ತು ಮೂಲಸೌಕರ್ಯ ಸೆಸ್’ ಬಂತು. ಕೊಳ್ಳುವವನಿಗೆ ಒಂದು ಪೈಸೆಯ ವ್ಯತ್ಯಾಸವಿಲ್ಲ. ಆದರೆ ರಾಜ್ಯಗಳ ಜೊತೆ ಹಂಚಬೇಕಿದ್ದ 2 ರೂಪಾಯಿ ಹಂಚಬೇಕಿಲ್ಲದ ಕಡೆಗೆ ಸರಿದಿತ್ತು. ಸೆಸ್ಸಿನ ಹೆಸರಿಗೆ ‘ಮೂಲಸೌಕರ್ಯ’ ಸೇರಿದ ಮೇಲೆ ಅದು ರಸ್ತೆಯದಷ್ಟೇ ಆಗಿಯೂ ಉಳಿಯಲಿಲ್ಲ. 2021ರಲ್ಲಿ ಕೃಷಿಯ ಹೆಸರಿನ ಇನ್ನೊಂದು ಸೆಸ್ ಬಂದಾಗ ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರದ ಒಟ್ಟು ಸುಂಕ 32 ರೂಪಾಯಿ 90 ಪೈಸೆ. ಅದರಲ್ಲಿ ಹಂಚಿಕೆಗೆ ಒಳಪಡುವ ಮೂಲ ಸುಂಕ 1 ರೂಪಾಯಿ 40 ಪೈಸೆ. ಶೇ 41ರ ಲೆಕ್ಕದಲ್ಲಿ ದೇಶದ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ. ಸಂಗ್ರಹಿಸಿದ ಸೆಸ್‌ಗಳಲ್ಲಿ ದೊಡ್ಡ ಮೊತ್ತ ಆಯಾ ಮೀಸಲು ನಿಧಿಗಳಿಗೆ ಹೋಗದೆ ಸಂಚಿತ ನಿಧಿಯಲ್ಲೇ ಉಳಿದಿದೆ ಎಂದು 2018-19ರ ಲೆಕ್ಕಪತ್ರದ ಬಗ್ಗೆ ಮಹಾಲೇಖಪಾಲರೇ ಬರೆದರು. 1929ರ 2 ಆಣೆಯ ಮರಿಮಗ ಹೆಸರನ್ನಷ್ಟೇ ಉಳಿಸಿಕೊಂಡಿದ್ದ.

ಹಾಗೆಂದು ರಾಜ್ಯಗಳನ್ನು ಬರೀ ಅನ್ಯಾಯಕ್ಕೆ ಒಳಗಾದವರು ಎಂದು ನೋಡುವುದು ಸರಿಯಲ್ಲ. ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದಿರುತ್ತದೆ, ಹೆಚ್ಚಿನ ರಾಜ್ಯಗಳದ್ದು ಬೆಲೆಯ ಮೇಲೆ ಶೇಕಡಾ ಇಷ್ಟು ಎಂದು. ಆ ಬೆಲೆಯಲ್ಲಿ ಕೇಂದ್ರದ ಸುಂಕವೂ ಸೇರಿರುತ್ತದೆ, ಅಂದರೆ ತೆರಿಗೆಯ ಮೇಲೆ ತೆರಿಗೆ. ದೆಹಲಿ ಸುಂಕ ಏರಿಸಿದರೂ, ಕಚ್ಚಾ ತೈಲ ಏರಿದರೂ, ರಾಜ್ಯ ಬೆರಳೆತ್ತದೆ ಹೆಚ್ಚು ಹಣ ಪಡೆಯುತ್ತದೆ. ಬೈಗುಳ ಮಾತ್ರ ದೆಹಲಿಗೆ.

ಕರ್ನಾಟಕದಲ್ಲಿ ಈ ಆಟ ಆಡದ ಪಕ್ಷವಿಲ್ಲ. 2018ರ ಜುಲೈಯಲ್ಲಿ ಎಚ್.ಡಿ. ಕುಮಾರಸ್ವಾಮಿ ರೈತರ ಸಾಲ ಮನ್ನಾದ ಬಜೆಟ್ ಮಂಡಿಸಿದಾಗ ಪೆಟ್ರೋಲಿನ ಮಾರಾಟ ತೆರಿಗೆ ಶೇ 30ರಿಂದ 32ಕ್ಕೆ ಏರಿತು. 2020ರಲ್ಲಿ ಬಿ.ಎಸ್. ಯಡಿಯೂರಪ್ಪ ಅದನ್ನು ಶೇ 35ಕ್ಕೆ ಒಯ್ದರು. 2021ರ ನವೆಂಬರ್ 2ರಂದು ದೇಶದ ಹಲವೆಡೆ ಉಪಚುನಾವಣೆಗಳ ಫಲಿತಾಂಶ ಬಂತು, ಬಿಜೆಪಿ ಹಿಮಾಚಲದ ನಾಲ್ಕೂ ಸ್ಥಾನಗಳಲ್ಲಿ ಸೋತಿತ್ತು, ಇತ್ತ ಹಾನಗಲ್ಲಿನಲ್ಲೂ ಸೋತಿತ್ತು. ಮರುದಿನ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಇಳಿಸಿತು. ಬಸವರಾಜ ಬೊಮ್ಮಾಯಿ ಬೆನ್ನಲ್ಲೇ ಇನ್ನೂ 7 ರೂಪಾಯಿ ಇಳಿಸಿದರು. ಇದರಿಂದ ಕರ್ನಾಟಕ 5,000 ಕೋಟಿಗೂ ಹೆಚ್ಚು ಆದಾಯ ಬಿಟ್ಟುಕೊಟ್ಟಿತು ಎಂದು 2022ರ ಏಪ್ರಿಲ್‌ನಲ್ಲಿ ಪ್ರಧಾನಿ ಮುಖ್ಯಮಂತ್ರಿಗಳ ಸಭೆಯಲ್ಲಿ ಉದಾಹರಣೆ ಕೊಟ್ಟು, ಇಳಿಸದಿದ್ದ ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡುಗಳನ್ನು ಹೆಸರಿಸಿದರು. ಸೆಸ್ ಏರಿಸಿದವರೇ ಇಳಿಸಲಿ ಎಂಬುದು ಹೈದರಾಬಾದಿನಿಂದ ಮೊದಲೇ ಬಂದಿದ್ದ ಉತ್ತರ. ಎರಡೂ ವಾದಗಳಲ್ಲಿ ಹುರುಳಿತ್ತು, ಅದಕ್ಕೇ ಎರಡೂ ಕಡೆಯವರಿಗೆ ಅವು ಅನುಕೂಲಕರವಾಗಿದ್ದವು. 2024ರ ಜೂನ್‌ನಲ್ಲಿ, ಲೋಕಸಭಾ ಫಲಿತಾಂಶ ಬಂದ ಹದಿನೈದು ದಿನದೊಳಗೆ, ಸಿದ್ದರಾಮಯ್ಯ ಸರ್ಕಾರ ಪೆಟ್ರೋಲ್ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿಗೆ 3 ರೂಪಾಯಿ ಹೆಚ್ಚಾಯಿತು. ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆಯೇ ಎಂದು ಮುಖ್ಯಮಂತ್ರಿ ಸಮರ್ಥಿಸಿಕೊಂಡರು.

‘ನೆರೆಯವರಿಗಿಂತ ಕಡಿಮೆ’ ಎಂಬುದು ಬರೀ ಸಮರ್ಥನೆಯಲ್ಲ, ವ್ಯಾಪಾರವೂ ಹೌದು. 2012ರಲ್ಲಿ ಗೋವಾದಲ್ಲಿ ಮನೋಹರ್ ಪರ್ರೀಕರ್ ಪೆಟ್ರೋಲಿನ ವ್ಯಾಟ್ ಅನ್ನು ಶೇ 20ರಿಂದ 0.1ಕ್ಕೆ ಇಳಿಸಿದಾಗ ಕಾರವಾರದವರು ಗಡಿ ದಾಟಿ ಟ್ಯಾಂಕ್ ತುಂಬಿಸಿಕೊಳ್ಳುವುದು ವಾಡಿಕೆಯಾಯಿತು. ಕರ್ನಾಟಕದಲ್ಲಿ ಡೀಸೆಲ್ ಅಗ್ಗವಿದ್ದಾಗ ಮಹಾರಾಷ್ಟ್ರದ ಲಾರಿಗಳು ನಿಪ್ಪಾಣಿಯ ಕಡೆ ಬಂದು ತುಂಬಿಸಿಕೊಳ್ಳುತ್ತವೆ. ನೂರಾರು ಲೀಟರಿನ ಟ್ಯಾಂಕಿಗೆ ಎರಡು ಮೂರು ರೂಪಾಯಿಯ ಅಂತರವೂ ದೊಡ್ಡದೇ. ದರ ಏರಿಸಿದ ರಾಜ್ಯ ಗಡಿ ಜಿಲ್ಲೆಗಳ ಮಾರಾಟವನ್ನು ಕಳೆದುಕೊಳ್ಳುತ್ತದೆ. ಬೊಕ್ಕಸದ ದುರಾಸೆಗೆ ಇರುವ ನಿಜವಾದ ಕಡಿವಾಣ ವಿಧಾನಸಭೆಗಿಂತ ಈ ಲಾರಿ ಚಾಲಕರೇ ಇರಬಹುದು.

ಈ ಗೊಂದಲವನ್ನೆಲ್ಲ ಜಿಎಸ್‌ಟಿ ಬಗೆಹರಿಸಬಹುದಿತ್ತು. 2016ರ ಸಂವಿಧಾನ ತಿದ್ದುಪಡಿ ಪೆಟ್ರೋಲ್, ಡೀಸೆಲ್‌ಗಳನ್ನು ಅದರಿಂದ ಪೂರ್ತಿ ಹೊರಗಿಡಲಿಲ್ಲ. ಯಾವತ್ತಿನಿಂದ ಸೇರಿಸಬೇಕೆಂದು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು ಎಂದು ಬರೆದು ಬಿಟ್ಟಿತು. ಕೇರಳ ಹೈಕೋರ್ಟ್ ಪರಿಗಣಿಸಿ ಎಂದದ್ದರಿಂದ 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ ಮಂಡಳಿಯ ಮುಂದೆ ಈ ವಿಷಯ ಬಂತು. ಆ ವಾರ ದೆಹಲಿಯಲ್ಲಿ ಲೀಟರ್ ಪೆಟ್ರೋಲಿಗೆ 101 ರೂಪಾಯಿ ಚಿಲ್ಲರೆ. ತೆರಿಗೆಗೆ ಮುನ್ನ, ಬಂಕಿನವರ ಕಮಿಷನ್ನೂ ಸೇರಿ, ಬೆಲೆ ಸುಮಾರು 45 ರೂಪಾಯಿ. ಉಳಿದ 56 ರೂಪಾಯಿ ಎರಡು ಸರ್ಕಾರಗಳದ್ದು. ಅತಿ ಹೆಚ್ಚಿನ ಶೇ 28ರ ದರ ಹಾಕಿದರೂ ಜಿಎಸ್‌ಟಿಯಲ್ಲಿ ಸಿಗುತ್ತಿದ್ದುದು ಇಬ್ಬರಿಗೂ ಸೇರಿ 13 ರೂಪಾಯಿಗಿಂತ ಕಡಿಮೆ, ಅದನ್ನೂ ಸಮನಾಗಿ ಹಂಚಿಕೊಳ್ಳಬೇಕು. ಬಂಕಿನ ಬೆಲೆಯ ಬಗ್ಗೆ ವರ್ಷವಿಡೀ ಪರಸ್ಪರ ಬೊಟ್ಟು ತೋರಿಸುತ್ತಿದ್ದ ಸರ್ಕಾರಗಳು ಆ ದಿನ ಒಂದೇ ಮಾತಿಗೆ ಬಂದವು. ಪೆಟ್ರೋಲಿಯಂ ಅನ್ನು ಜಿಎಸ್‌ಟಿಗೆ ತರಲು ಇದು ಸಮಯವಲ್ಲ ಎಂದು ಮಂಡಳಿ ತೀರ್ಮಾನಿಸಿತು.