ಮುದ್ರೆಯಿಲ್ಲದ ಮರ

ಮುಂಬಯಿಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರಿಗೆ ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ಒಂದು ಹಳೆಯ ಮನೆಯುಂಟು. ಅದರ ಕಂಬ, ತೊಲೆ, ಪಕಾಸುಗಳ ಮೇಲೆ ಯಾವ ದರ್ಜೆಯ ಮುದ್ರೆಯೂ ಇಲ್ಲ. ಆದರೂ ಅವು ಮೂರು ನಾಲ್ಕು ತಲೆಮಾರುಗಳನ್ನು ಕಾಪಾಡಿವೆ. ಇದು ಹೇಗಾಯಿತೆಂಬುದು ವಿಚಾರಾರ್ಹವಾಗಿದೆ.

ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರ ವರೆಗೆ ಮುಂಬಯಿ ಆಡಳಿತದಲ್ಲಿದ್ದಿತು. ತೇಗ, ಬೀಟೆ, ಶ್ರೀಗಂಧಗಳ ಹಕ್ಕನ್ನು ಬ್ರಿಟಿಷ್ ಸರಕಾರವು ತನಗಾಗಿ ಕಾದಿರಿಸಿಕೊಂಡಿತು. ಪಶ್ಚಿಮ ಕರಾವಳಿಯ ತೇಗವು ಅದಕ್ಕೂ ಮೊದಲೇ ಈ ನಗರದ ಹಡಗುಕಟ್ಟೆಗೆ ಬರುತ್ತಿದ್ದಿತು. ಮಲಬಾರದ ತೇಗದಿಂದ ಕಟ್ಟಿ 1817ರಲ್ಲಿ ಇಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆಯು ಇಂಗ್ಲೆಂಡಿನಲ್ಲಿ ಇಂದಿಗೂ ತೇಲುತ್ತಿದೆ. ಸಾಮಾನ್ಯ ಗೃಹಸ್ಥನಾದರೋ ಹಲಸು, ಹೆಬ್ಬಲಸು, ಮತ್ತಿಗಳನ್ನೇ ನೆಚ್ಚಬೇಕಾಯಿತು.

ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡಲಾಗಿರಿಸಿ, ಒಬ್ಬನು ಮೇಲೆಯೂ ಇನ್ನೊಬ್ಬನು ಕೆಳಗೂ ನಿಂತು ಗರಗಸ ಎಳೆಯುವರು. ಗಂಟು, ಬಿರುಕುಗಳನ್ನು ಆಚಾರಿಯು ಕಣ್ಣಿನಿಂದ ಅಳೆಯುವನು. ಟೊಳ್ಳನ್ನು ಬಡಿದು ನಾದದಿಂದ ತಿಳಿಯುವನು. ಹೊರಗಿನ ಬಿಳಿಯ ಭಾಗವನ್ನು ಕೆತ್ತಿ ಚೇಗನ್ನೇ ಉಳಿಸಿಕೊಳ್ಳುವನು. ಹುಳುವಿಗೆ ಪ್ರಿಯವಾದ ಪಿಷ್ಟವಿರುವುದು ಆ ಬಿಳಿಯ ಭಾಗದಲ್ಲಿಯೇ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಸಂಶಯ ಬಂದರೆ ತೊಲೆಯ ಎತ್ತರವನ್ನು ಹೆಚ್ಚಿಸುವನು. ಎತ್ತರ ಇಮ್ಮಡಿಯಾದರೆ ತೊಲೆಯ ಬಲ ನಾಲ್ಮಡಿಯಾಗುವುದು. ದರ್ಜೆಯ ಕೊರತೆಯನ್ನು ಗಾತ್ರವು ತುಂಬಿಕೊಡುತ್ತಿದ್ದಿತು.

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹುಲ್ಲಿನ ಮಾಡಿಗೆ ಸೊಟ್ಟ ಗಳುವಾದರೂ ಸಾಕು. ಒಂದೇ ಅಳತೆಯ ಯಂತ್ರದ ಹೆಂಚಿಗೆ ನೆಟ್ಟನೆಯ ಪಕಾಸೂ ಸಮಾಂತರದ ರೀಪೂ ಬೇಕು. ಹೀಗೆ ಮರಕ್ಕೆ ಮುದ್ರೆ ಬರುವ ಮೊದಲೇ ಅಳತೆಯ ಶಿಸ್ತು ಬಂದಿತು.

ಸ್ವಾತಂತ್ರ್ಯದ ವರ್ಷವಾದ 1947ರಲ್ಲಿಯೇ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯು ಮುಂದೆ ಕಟ್ಟಡದ ಮರಕ್ಕೂ ದರ್ಜೆಗಳನ್ನು ಗೊತ್ತುಮಾಡಿತು. ಅದು ಯುಕ್ತವೇ. ಮರ ಬೆಳೆದ ನೆಲವನ್ನೂ ಕೊಯ್ದ ಕೈಯನ್ನೂ ಅರಿಯದ ಪೇಟೆಯ ಗಿರಾಕಿಗೆ ಮುದ್ರೆಯೇ ಸಾಕ್ಷಿ. ಊರಿನಲ್ಲಿ ಆ ಸಾಕ್ಷಿಯು ಆಚಾರಿಯ ಮಾತಾಗಿದ್ದಿತು. ಮನೆ ಕುಸಿದರೆ ಅವನು ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಲ್ಲವೆ?

ಇಂದು ಆ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಪಾಲಿನ ಕಾರಣದಿಂದಲೋ ದೂರದ ಕಾರಣದಿಂದಲೋ ಮಾರುವುದು ಅನಿವಾರ್ಯವಾಗಬಹುದು. ಹಳೆಯ ಮರವೆಲ್ಲ ಗಟ್ಟಿಯೆಂದೇನೂ ಅಲ್ಲ. ಗೋಡೆಯೊಳಗೆ ಹುದುಗಿದ ತುದಿಯನ್ನು ಒರಲೆ ತಿಂದಿರಬಹುದು. ಆದರೆ ಮುದ್ರೆಯಿಲ್ಲವೆಂಬ ಕಾರಣಕ್ಕೇ ಅದನ್ನು ಸೌದೆಯ ಬೆಲೆಗೆ ಕೊಡಬೇಡಿ. ಮೊದಲು ಊರಿನ ಹಿರಿಯ ಆಚಾರಿಯೊಬ್ಬರನ್ನು ಕರೆಸಿ ಬಡಿದು ನೋಡಿಸಿರಿ. ಅವರು ಕೇಳುವ ನಾದವನ್ನು ನಿಮ್ಮ ಮಕ್ಕಳಿಗೂ ಕೇಳಿಸಿರಿ. ಮರಕ್ಕಿಂತ ಬೇಗನೆ ಅಳಿಯುತ್ತಿರುವುದು ಆ ಕಿವಿಯೇ.