ವಸಾಯಿ ಕೋಟೆಯ ಫೌಜಿನ ಹಿಸಾಬು

ವಾಚ್‌ಮನ್‌ಗೆ ಸಂಬಳ ಕೊಡೋದು ಸೊಸೈಟಿಯವರು, ಅವನು ಮಾತು ಕೇಳೋದು ಮಾತ್ರ ಬಿಲ್ಡರನದ್ದು. ಇಂಥ ಕಟ್ಟಡ ಮುಂಬೈಯಲ್ಲಿ ನೀವೂ ನೋಡಿರಬಹುದು. ವಸಾಯಿ ಒಪ್ಪಂದದ ಪಾಠ ಬಂದಾಗ ನಾನು ಮಕ್ಕಳಿಗೆ ಕೊಡುವ ಉದಾಹರಣೆ ಇದೇ. ಮಿತ್ರಪಕ್ಷಗಳಲ್ಲಿ ಯಾರು ಎಷ್ಟು ಖರ್ಚು ಹೊರಬೇಕು ಅನ್ನೋ ಜಗಳ ಇವತ್ತು ನೇಟೊ ಸಭೆಗಳಲ್ಲಿ ಕೇಳುತ್ತೇವೆ. ನಮ್ಮ ಕಡೆ ಅದು ಇನ್ನೂರು ವರ್ಷ ಹಳೆಯದು.

ವಿರಾರ್ ಲೋಕಲ್ ಹತ್ತಿ ವಸಾಯಿ ರೋಡಿನಲ್ಲಿ ಇಳಿದರೆ ಕೋಟೆಗೆ ಹೋಗಬಹುದು. ಪೋರ್ಚುಗೀಸರಿಂದ 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದ ಊರು ಅದು. 1802ರ ಅಕ್ಟೋಬರಿನಲ್ಲಿ ಪುಣೆಯ ಹತ್ತಿರ ಯಶವಂತರಾವ್ ಹೋಳ್ಕರನಿಗೆ ಸೋತ ಪೇಶ್ವೆ ಎರಡನೇ ಬಾಜಿರಾಯ ಕೊನೆಗೆ ಬಂದು ಸೇರಿದ್ದು ಇಲ್ಲಿಗೇ. ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದವಾಯಿತು. ಒಬ್ಬರ ಶತ್ರು ಇಬ್ಬರಿಗೂ ಶತ್ರು ಅಂತ ಬರೆದುಕೊಂಡರು. ಓದೋಕೆ ಎಷ್ಟು ಚಂದ! ಆರು ಸಾವಿರಕ್ಕೆ ಕಡಿಮೆಯಿಲ್ಲದ ಕಂಪನಿ ಕಾಲಾಳುಗಳು ಪೇಶ್ವೆಯ ರಾಜ್ಯದಲ್ಲಿ ಇರಬೇಕು, ಅವರ ಖರ್ಚಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವ ಜಮೀನನ್ನು ಪೇಶ್ವೆ ಬಿಟ್ಟುಕೊಡಬೇಕು. ಯುದ್ಧ, ಸಂಧಿ ಮಾತ್ರ ಕಂಪನಿಯನ್ನು ಕೇಳದೆ ಮಾಡುವಂತಿಲ್ಲ. ಸಂಬಳ ಒಬ್ಬರದು, ಹುಕುಂ ಇನ್ನೊಬ್ಬರದು.

ಆ ಜಮೀನು ಎಲ್ಲಿಯದು ಗೊತ್ತೇ? ಗುಜರಾತಿನ ಪರಗಣೆಗಳು ಪಟ್ಟಿಯಲ್ಲಿದ್ದವು. ಜೊತೆಗೆ ನಮ್ಮ ತುಂಗಭದ್ರೆಯ ಕಡೆಯ ಸವಣೂರು, ಬಂಕಾಪುರ! ಮೊತ್ತದ ಅರ್ಧಕ್ಕಿಂತ ಹೆಚ್ಚು ಈ ಎರಡರಿಂದಲೇ. ಒಂದು ವರ್ಷ ತುಂಬುವ ಮೊದಲೇ, 1803ರ ಡಿಸೆಂಬರಿನಲ್ಲಿ, ಕಂಪನಿ ಇವನ್ನು ವಾಪಸ್ ಕೊಟ್ಟು ಬದಲಿಗೆ ಬುಂದೇಲಖಂಡದ ಜಮೀನು ತಗೊಂಡಿತು. ಸವಣೂರಿನ ರೈತನನ್ನು ಎರಡು ಸಲವೂ ಯಾರೂ ಕೇಳಲಿಲ್ಲ. ಹೈದರಾಬಾದಿನ ನಿಜಾಮರೂ 1800ರಲ್ಲಿ ಹೀಗೇ ಬಳ್ಳಾರಿ ಸೀಮೆಯನ್ನು ಕೊಟ್ಟಿದ್ದರು. ‘ದತ್ತಮಂಡಲ’ ಅನ್ನೋ ಹೆಸರು ಬಂದದ್ದು ಆ ಲೆಕ್ಕದಿಂದ.

ಮೈಸೂರಿನದು ನಗದು ವ್ಯವಹಾರ. ಟಿಪ್ಪು ಹುತಾತ್ಮರಾದ 1799ರಲ್ಲೇ ಒಡೆಯರ ಮೇಲೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಬಿತ್ತು. ಯುದ್ಧ ಬಂದರೆ ಬೇರೆ ಕೊಡಬೇಕು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಬಾಜಿರಾಯನನ್ನು ಮತ್ತೆ ಪುಣೆಯ ಗದ್ದುಗೆಗೆ ಕೂರಿಸಲು ಹೊರಟಾಗ ಮೈಸೂರಿನ ಕುದುರೆ ಸವಾರರೂ ಆ ದಂಡಿನಲ್ಲಿದ್ದರು. 1807ರಲ್ಲಿ 4,000 ಸವಾರರನ್ನು ಸದಾ ಇಟ್ಟುಕೊಳ್ಳಬೇಕೆಂಬ ಷರತ್ತೂ ಸೇರಿತು. ಕಂತು ತಪ್ಪುವ ಭಯವಿದ್ದರೆ ರಾಜ್ಯದ ಆಡಳಿತವನ್ನೇ ಕೈಗೆತ್ತಿಕೊಳ್ಳುವ ಹಕ್ಕು ಕಂಪನಿಗಿತ್ತು. ನನಗೆ ಇಡೀ ಒಪ್ಪಂದದ ವಿಷ ಅಲ್ಲೇ ಕಾಣುತ್ತದೆ. ನಗರ ದಂಗೆಯ ನಂತರ 1831ರಲ್ಲಿ ಆ ಹಕ್ಕನ್ನು ಚಲಾಯಿಸಿದರು, ರಾಜ್ಯ ವಾಪಸ್ ಬಂದದ್ದು 1881ಕ್ಕೆ. ವಾಪಸ್ ಕೊಡುವಾಗ ಮೊತ್ತವನ್ನು 35 ಲಕ್ಷಕ್ಕೆ ಏರಿಸಿದರು, ಹೆಚ್ಚಿನ ಹಣದ ವಸೂಲಿ 1896ರಿಂದ ಶುರುವಾಯಿತು.

ಇಷ್ಟು ಹಣ ಯಾವ ಶತ್ರುವಿನಿಂದ ರಕ್ಷಣೆಗೆ? ಮೈಸೂರಿನವರು ಈ ಪ್ರಶ್ನೆ ಬಿಡಲಿಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1928ರಲ್ಲಿ ಕೊನೆಗೂ ಏರಿಸಿದ್ದ 10.5 ಲಕ್ಷ ಮನ್ನಾ ಆಯಿತು. ಹಳೆಯ 24.5 ಲಕ್ಷವನ್ನು ಆಮೇಲೂ ಕಟ್ಟಬೇಕಾಯಿತು.