ಕಾಕನಕೋಟೆಯ ಏಳು ಪ್ರಶ್ನೆ, ಅಲಾಸ್ಕಾ ಬೋನಸ್

ಬೆಂಗಳೂರಿನ ಆಫೀಸುಗಳಲ್ಲಿ ಕ್ವಿಜ್ ಆಡೋರಿಗೆ ಅಲಾಸ್ಕಾ ಅಂದರೆ ಅಂಗೈ ನೆಲ್ಲಿಕಾಯಿ. ಅಮೆರಿಕಾ ಅದನ್ನ ಯಾರಿಂದ ಕೊಂಡಿತು? ರಷ್ಯಾದಿಂದ. ಯಾವಾಗ? 1867. ಎಷ್ಟಕ್ಕೆ? 72 ಲಕ್ಷ ಡಾಲರಿಗೆ. ಬಜರ್ ಒತ್ತೋಕೆ ಮುಂಚೆ ಉತ್ತರ ಬಂದಿರುತ್ತೆ. ಅದೇ ಜನರನ್ನ "ಕಾಕನಕೋಟೆ ಬಗ್ಗೆ ಮೂರು ವಿಷಯ ಹೇಳಿ" ಅಂದರೆ "ಸಫಾರಿ, ಹುಲಿ, ಕಪ್ಪು ಚಿರತೆ" ಅಂತ ನಿಲ್ಲಿಸ್ತಾರೆ. ಮೂರಕ್ಕೆ ಮೂರು ಸರಿಯೇ. ಆದರೆ ಮೂರೂ ಈಗಿನವು.

ನಾನು ಹುಣಸೂರು ಕಡೆಯವನು. ನಮ್ಮ ಕಡೆ ಕಾಕನಕೋಟೆ ಅನ್ನೋದು ಊರಿಗಿಂತ ಹೆಚ್ಚಾಗಿ ಒಂದು ಅಳತೆ. ದೊಡ್ಡ ಗದ್ದಲ ಆದರೆ "ಏನು, ಖೆಡ್ಡಾ ನಡೀತಿದೆಯಾ?" ಅಂತ ಕೇಳೋರು. ಎತ್ತಿನ ಗಾಡಿ ಕಟ್ಟಿಕೊಂಡು ಖೆಡ್ಡಾ ನೋಡೋಕೆ ಹೋಗಿದ್ದನ್ನ ನಮ್ಮ ತಾತ ತಮ್ಮ ಮದುವೆಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಹಾಗಾಗಿ ಅಲಾಸ್ಕಾದ ಪದ್ಧತಿಯಲ್ಲೇ ಕಾಕನಕೋಟೆಯನ್ನೂ ಪರಿಚಯ ಮಾಡಿಸೋಣ ಅಂತ ಈ ಪ್ರಶ್ನೆಪತ್ರಿಕೆ. ನೆಗೆಟಿವ್ ಮಾರ್ಕಿಂಗ್ ಇಲ್ಲ. ಗೂಗಲ್ ಮಾಡೋ ಹಾಗಿಲ್ಲ.

ಪ್ರಶ್ನೆ 1: ನಾಗರಹೊಳೆ ದೊಡ್ಡದೋ, ಬೆಂಗಳೂರು ದೊಡ್ಡದೋ?

ಕಾಕನಕೋಟೆ ಇರೋದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಮೈಸೂರಿನಿಂದ ಮಾನಂದವಾಡಿಗೆ ಹೋಗೋ ರಸ್ತೆಯ ಮೇಲೆ. ವಯನಾಡಿಗೆ ಆ ದಾರಿಯಲ್ಲಿ ಹೋಗಿದ್ದರೆ ನೀವು ಅದನ್ನ ದಾಟಿದ್ದೀರಿ, ಗೊತ್ತಾಗಿರಲ್ಲ ಅಷ್ಟೇ. ಈಗ ಅದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ದಕ್ಷಿಣದ ಭಾಗ. ಇಡೀ ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ 700 ದಾಟಿತ್ತು. ಅಂದರೆ ನಾವು "ಮಹಾರಣ್ಯ" ಅಂದುಕೊಂಡಿರೋದು ನಮ್ಮ ಟ್ರಾಫಿಕ್ ಜಾಮ್‌ಗಿಂತ ಚಿಕ್ಕದು! ಅಲಾಸ್ಕಾ ಸುಮಾರು 17 ಲಕ್ಷ ಚದರ ಕಿಲೋಮೀಟರ್, ಒಂಬತ್ತು ಕರ್ನಾಟಕ ಹಿಡಿಯುವಷ್ಟು. ಗಾತ್ರದಲ್ಲಿ ನಾವು ಸೋತೆವು. ಕಥೆಯಲ್ಲಿ ಸೋಲಲ್ಲ, ನೋಡ್ತಾ ಇರಿ.

ಪ್ರಶ್ನೆ 2: ಹೈದರಾಲಿ ಶಾಪ ಹಾಕಿದ್ದು ಯಾರಿಗೆ?

ಆನೆ ಹಿಡಿಯೋರಿಗೆ. ಹೈದರ್ ಒಮ್ಮೆ ಕಾಡಾನೆಗಳ ಹಿಂಡನ್ನೇ ಸುತ್ತುವರಿದು ಹಿಡಿಯೋ ಪ್ರಯತ್ನ ಮಾಡಿ ಸೋತ. ಇನ್ನು ಯಾರಿಂದಲೂ ಇದು ಆಗಲ್ಲ, ಪ್ರಯತ್ನಪಟ್ಟವರಿಗೆ ಶಾಪ ತಟ್ಟಲಿ ಅಂತ ಆ ಜಾಗದ ಹತ್ತಿರ ಕಲ್ಲಿನ ಮೇಲೆ ಕೆತ್ತಿಸಿದ. ಇದನ್ನ ಬರೆದವನು ಜಿ.ಪಿ. ಸ್ಯಾಂಡರ್ಸನ್. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿಯ ಅಧಿಕಾರಿ. ಆನೆ ಹಿಡಿಯೋದು ಅವನ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸೈಡ್ ಪ್ರಾಜೆಕ್ಟ್. 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳನ್ನ ಒಟ್ಟಿಗೆ ಹಿಡಿದ. 1878ರಲ್ಲಿ ಪುಸ್ತಕವನ್ನೂ ಬರೆದ. ಶಾಪದ ಕಥೆ ಉಳಿದದ್ದು ಅದರಿಂದಲೇ.

ಖೆಡ್ಡಾ ಹೆಸರುವಾಸಿಯಾಗಿದ್ದು ಮಾತ್ರ ಕಾಕನಕೋಟೆಯಲ್ಲಿ. ಕಾರಣ ಕಬಿನಿ ನದಿ. ಕುರುಬರು ಲದ್ದಿ, ಹೆಜ್ಜೆ, ಮುರಿದ ಬಿದಿರು ನೋಡಿ ಹಿಂಡು ಎಲ್ಲಿದೆ ಅಂತ ಪತ್ತೆ ಮಾಡ್ತಿದ್ದರು. ನೂರಾರು ಜನ ತಮಟೆ, ಬೆಂಕಿ, ಕೂಗಾಟದಿಂದ ಹಿಂಡನ್ನ ಸುತ್ತುಗಟ್ಟಿ ದಿನಗಟ್ಟಲೆ ಹೊಳೆಯ ಕಡೆಗೆ ತಳ್ಳುತ್ತಿದ್ದರು. ಹಿಂಡು ಹೊಳೆಗೆ ಇಳೀತಿತ್ತು. ತಾಯಾನೆಗಳು ಮರಿಗಳನ್ನ ಪಕ್ಕದಲ್ಲಿಟ್ಟುಕೊಂಡು ಈಜುತ್ತಿದ್ದವು. ಆಚೆ ದಡ ಹತ್ತಿದರೆ ಎದುರಿಗೆ ದಪ್ಪ ದಿಮ್ಮಿಗಳ ಬೇಲಿ, ನಡುವೆ ಒಂದೇ ದಾರಿ. ಕೊನೇ ಆನೆ ಒಳಗೆ ಹೋಗುತ್ತಿದ್ದಂತೆ ಹಗ್ಗ ಕಡಿದು ಮೇಲಿದ್ದ ಬಾಗಿಲು ಬೀಳಿಸೋದು. ಆಮೇಲೆ ಪಳಗಿದ ಕುಮ್ಕಿ ಆನೆಗಳ ಮರೆಯಲ್ಲಿ ಮಾವುತರು ಒಳಗೆ ಹೋಗಿ, ಇಳಿದು, ಕಾಡಾನೆಯ ಹಿಂಗಾಲಿಗೆ ಹಗ್ಗ ಕಟ್ಟಬೇಕು. ಆನೆ ಒದ್ದರೆ ಅಲ್ಲಿಗೆ ಮುಗೀತು.

ಇದನ್ನ ನೋಡೋಕೆ ಅಟ್ಟಣೆ ಕಟ್ಟುತ್ತಿದ್ದರು. 1906ರಲ್ಲಿ ಬ್ರಿಟನ್ನಿನ ಯುವರಾಜ ಬಂದ, ಮುಂದೆ ಐದನೇ ಜಾರ್ಜ್ ಆದವನು. 1922ರಲ್ಲಿ ಅವನ ಮಗ ಬಂದ. ಅಟ್ಟಣೆಯ ಮೇಲಿದ್ದವರ ಹೆಸರುಗಳು ಸಿಗ್ತವೆ. ಕೆಳಗಿಳಿದು ಹಗ್ಗ ಕಟ್ಟಿದವರ ಹೆಸರು ಹುಡುಕಿ ನೋಡಿ, ಸುಸ್ತಾಗ್ತೀರಿ.

ಪ್ರಶ್ನೆ 3: ಒಂದೇ ಪುಸ್ತಕದಲ್ಲಿ ಖೆಡ್ಡಾನೂ ಇದೆ, ಅಲಾಸ್ಕಾದ ದ್ವೀಪವೂ ಇದೆ. ಯಾವುದದು?

ರಡ್ಯಾರ್ಡ್ ಕಿಪ್ಲಿಂಗ್‌ನ 'ಜಂಗಲ್ ಬುಕ್', 1894. ಮೌಗ್ಲಿ, ಬಘೀರ ಎಲ್ಲರಿಗೂ ಗೊತ್ತು. ಆದರೆ ಅದು ಬಿಡಿ ಕಥೆಗಳ ಸಂಕಲನ. ಅದರಲ್ಲಿ ಮಾವುತರ ಹುಡುಗ ತೂಮಾಯಿಯ ಕಥೆ ಇದೆ. ಅಲ್ಲಿ ಬರೋ, ಆನೆ ಹಿಡಿಸುವ 'ಪೀಟರ್ಸನ್ ಸಾಹೇಬ' ನಮ್ಮ ಸ್ಯಾಂಡರ್ಸನ್ನನ ನೆರಳು ಅಂತ ಬಹಳ ಜನ ಹೇಳ್ತಾರೆ. ಮೈಸೂರಿನಲ್ಲಿ ಹೆಸರು ಮಾಡಿದ ಮೇಲೆ ಸ್ಯಾಂಡರ್ಸನ್ನನನ್ನ ಬಂಗಾಳದ ಕಡೆ ಆನೆ ಹಿಡಿಯೋಕೆ ಕರೆಸಿಕೊಂಡಿದ್ದರು. ಕಥೆ ನಡೆಯೋದೂ ಆ ಕಡೆಯ ಗಾರೋ ಬೆಟ್ಟಗಳಲ್ಲೇ.

ಅದೇ ಪುಸ್ತಕದ ಇನ್ನೊಂದು ಕಥೆ ಬಿಳಿ ಸೀಲ್‌ನದು. ನಡೆಯೋದು ಬೇರಿಂಗ್ ಸಮುದ್ರದ ಸೇಂಟ್ ಪಾಲ್ ದ್ವೀಪದಲ್ಲಿ, ಅಂದರೆ ಅಲಾಸ್ಕಾದಲ್ಲಿ. ಎರಡೂ ಕಥೆಗಳ ಬುಡದಲ್ಲಿ ಇರೋ ಚಿತ್ರ ಒಂದೇ: ಪ್ರಾಣಿಗಳ ಹಿಂಡನ್ನ ಮನುಷ್ಯರು ಅಟ್ಟಿಕೊಂಡು ಹೋಗ್ತಾರೆ. ಅಲ್ಲಿ ಚರ್ಮಕ್ಕೆ, ಇಲ್ಲಿ ದುಡಿಮೆಗೆ.

ಪ್ರಶ್ನೆ 4: ಹಿಮದಲ್ಲಿ ಸಿನಿಮಾ ತೆಗೆದವನು ಕಬಿನಿ ತೀರಕ್ಕೆ ಯಾಕೆ ಬಂದ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ರಾಬರ್ಟ್ ಫ್ಲಾಹರ್ಟಿ ಅಂತ ಒಬ್ಬ ಅಮೆರಿಕನ್. ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿ, ಇನ್ಯೂಟ್ ಜನರ ನಡುವೆ ಇದ್ದು 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ತೆಗೆದ. ಸಾಕ್ಷ್ಯಚಿತ್ರ ಅನ್ನೋ ಪ್ರಕಾರಕ್ಕೆ ಅದೇ ಅಜ್ಜ. ಉತ್ತರದ ಹಿಮದ ನಾಡು ಅಂದ ತಕ್ಷಣ ನಮ್ಮ ತಲೆಯಲ್ಲಿ ಬರೋ ಇಗ್ಲೂ, ನಾಯಿಗಳ ಜಾರುಬಂಡಿ, ಭರ್ಜಿ ಹಿಡಿದ ಬೇಟೆಗಾರ, ಇವನ್ನೆಲ್ಲ ಲೋಕದ ತಲೆಗೆ ತುಂಬಿದವರಲ್ಲಿ ಅವನು ಮುಖ್ಯ. ಆದರೆ ಆ ಹೊತ್ತಿಗೆ ಅಲ್ಲಿಯ ಜನ ಬಂದೂಕು ಬಳಸುತ್ತಿದ್ದರು. ಇವನೇ ಭರ್ಜಿ ಹಿಡಿಸಿದ. ಇಗ್ಲೂ ಒಳಗೆ ಬೆಳಕು ಸಾಲದೆ ಅರ್ಧ ಇಗ್ಲೂ ಕಟ್ಟಿಸಿದ. ನಾನೂಕ್ ಅನ್ನೋದೂ ಸಿನಿಮಾ ಹೆಸರು, ಆ ಮನುಷ್ಯನ ನಿಜವಾದ ಹೆಸರು ಅಲ್ಲಕರಿಯಲ್ಲಕ್.

ಅದೇ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದ, ಕಿಪ್ಲಿಂಗ್‌ನ ತೂಮಾಯಿಯನ್ನ ಸಿನಿಮಾ ಮಾಡೋಕೆ. ಮಹಾರಾಜರು ಆನೆಗಳನ್ನ ಕೊಟ್ಟರು, ಅರಮನೆಯ ಐರಾವತನೂ ಪಾತ್ರ ಮಾಡಿದ. ಹುಡುಗನ ಪಾತ್ರಕ್ಕೆ ಸಿಕ್ಕಿದ್ದು ಆನೆ ಲಾಯದಲ್ಲಿದ್ದ, ಮಾವುತನ ಮಗ ಸಾಬು. ಹುಟ್ಟಿದ್ದು 1924ರಲ್ಲಿ, ಕಬಿನಿ ದಡದ ಕಾರಾಪುರದಲ್ಲಿ. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ಅರ್ಧ ಸಿನಿಮಾವನ್ನ ಲಂಡನ್ ಬಳಿಯ ಸ್ಟುಡಿಯೋದಲ್ಲಿ ಝೋಲ್ಟಾನ್ ಕೋರ್ಡಾ ಮುಗಿಸಿದ. ಇಬ್ಬರಿಗೂ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು.

ಸಾಬು ವಾಪಸ್ ಲಾಯಕ್ಕೆ ಬರಲಿಲ್ಲ. 1942ರ 'ಜಂಗಲ್ ಬುಕ್' ಸಿನಿಮಾದಲ್ಲಿ ಮೌಗ್ಲಿ ಅವನೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಾದ ಬಾಂಬರ್ ವಿಮಾನದ ಹಿಂಬದಿ ಗನ್ನರ್ ಆಗಿ ಪದಕ ಪಡೆದ. 1963ರಲ್ಲಿ, 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ. ಹೆಗ್ಗಡದೇವನಕೋಟೆ ತಾಲ್ಲೂಕಿನಿಂದ ಹಾಲಿವುಡ್‌ಗೆ! ಆನ್‌ಸೈಟ್ ಅಂದರೆ ಇದು ಕಣ್ರೀ.

ಪ್ರಶ್ನೆ 5: ಮಾಸ್ತಿಗೂ ಮಾಸ್ತಿಗುಡಿಗೂ ಏನು ಸಂಬಂಧ?

'ಕಾಕನಕೋಟೆ' ನಾಟಕ ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಕಾಕನಕೋಟೆ ಪಕ್ಕದಲ್ಲೇ ಮಾಸ್ತಿಗುಡಿ ಅನ್ನೋ ಜಾಗ ಇದೆ. ಸಾಹಿತಿಗೆ ಗುಡಿ ಕಟ್ಟಿದ್ದಾರೆ ಅಂದುಕೊಂಡ ಗೆಳೆಯರು ನನಗಿದ್ದಾರೆ. ಇಲ್ಲ. ಮಾಸ್ತಿ ಅವರ ಹೆಸರಿನಲ್ಲಿರೋದು ಕೋಲಾರದ ಕಡೆಯ ಅವರ ಊರು. ಗುಡಿಯಲ್ಲಿ ಇದ್ದವಳು ಮಾಸ್ತಮ್ಮ. ಮಹಾಸತಿ ಅನ್ನೋದೇ ಜನರ ಬಾಯಲ್ಲಿ ಮಾಸ್ತಿ ಆಯ್ತು. ಹಳ್ಳಿಗಳಲ್ಲಿ ಕಾಣೋ ಮಾಸ್ತಿಕಲ್ಲೂ ಅದೇ ಪದ.

ನಾಟಕದ ಕಾಲ ರಣಧೀರ ಕಂಠೀರವ ನರಸರಾಜ ಒಡೆಯರದು, 17ನೇ ಶತಮಾನ. ನಾಯಕ ಕಾಚ, ಕಾಡುಕುರುಬರ ಮುಖಂಡ. ಕಾಡಿನ ಜನಕ್ಕೂ ನಾಡಿನ ಅಧಿಕಾರಕ್ಕೂ ಇರೋ ತಿಕ್ಕಾಟ ಅದರ ವಸ್ತು. 1977ರಲ್ಲಿ ಸಿ.ಆರ್. ಸಿಂಹ ಅದನ್ನ ಸಿನಿಮಾ ಮಾಡಿದರು, ಲೋಕೇಶ್ ಕಾಚನಾದರು, ಸಿ. ಅಶ್ವತ್ಥ್ ಸಂಗೀತ ನಿರ್ದೇಶಕರಾಗಿದ್ದೂ ಅಲ್ಲಿಂದಲೇ. ಸಿನಿಮಾ ಬರುವಷ್ಟರಲ್ಲಿ ಹಳೆಯ ಕಾಕನಕೋಟೆಯ ದೊಡ್ಡ ಭಾಗ, ಮಾಸ್ತಮ್ಮನ ಗುಡಿ ಇದ್ದ ಜಾಗವೂ ಸೇರಿ, ನೀರಿನ ಕೆಳಗಿತ್ತು.

ಪ್ರಶ್ನೆ 6: ದಸರಾದಲ್ಲಿ ನೀವು ಕೈಮುಗಿದ ಆನೆಯ ಊರು ಯಾವುದು?

2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ಅಂಬಾರಿ ಹೊತ್ತ ಅರ್ಜುನನನ್ನ ಹಿಡಿದದ್ದು 1968ರಲ್ಲಿ, ಇದೇ ಕಾಕನಕೋಟೆಯ ಖೆಡ್ಡಾದಲ್ಲಿ. ಆಮೇಲೆ ಅವನ ಮನೆ ಬಳ್ಳೆ ಆನೆ ಶಿಬಿರ, ಹಿಡಿದ ಕಾಡಿನ ಒಳಗೇ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ, ಕಾಡಾನೆಯ ಜೊತೆ ಕಾದಾಡಿ ಸತ್ತ. ಖೆಡ್ಡಾದಲ್ಲಿ ಸಿಕ್ಕ ಆನೆ, ಇನ್ನೊಂದು ಆನೆಯನ್ನ ಹಿಡಿದುಕೊಡೋಕೆ ಹೋಗಿ ಪ್ರಾಣ ಬಿಟ್ಟಿತು. ಈ ಉತ್ತರಕ್ಕೆ ಅಂಕ ಕೊಡೋಕೆ ನನಗೆ ಮನಸ್ಸು ಬರಲ್ಲ.

ಪ್ರಶ್ನೆ 7, ಅಲಾಸ್ಕಾ ಬೋನಸ್: 1971ರಲ್ಲಿ ಏನಾಯ್ತು?

ಇಲ್ಲಿ: ಕಾಕನಕೋಟೆಯ ಕೊನೇ ಖೆಡ್ಡಾ. ಮುಂದಿನ ವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1977ರಲ್ಲಿ ಆನೆಯನ್ನ ಅದರ ಮೊದಲನೇ ಪಟ್ಟಿಗೆ ಸೇರಿಸಿದರು. ಈ ನಡುವೆ, 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿಯಿತು. ಖೆಡ್ಡಾ ನಡೆದ ಹೊಳೆದಂಡೆ ಮುಳುಗಿತು.

ಅಲ್ಲಿ: ಡಿಸೆಂಬರ್ 18ರಂದು ಅಲಾಸ್ಕಾದ ಮೂಲನಿವಾಸಿಗಳ ಹಕ್ಕಿನ ಕಾಯ್ದೆಗೆ ಅಮೆರಿಕಾ ಅಧ್ಯಕ್ಷರ ಸಹಿ ಬಿತ್ತು. 4.4 ಕೋಟಿ ಎಕರೆ ನೆಲ, 96 ಕೋಟಿ ಡಾಲರಿಗೂ ಹೆಚ್ಚು ಹಣ. 4.4 ಕೋಟಿ ಎಕರೆ ಅಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಕಮ್ಮಿ. ಧರ್ಮಕ್ಕೆ ಕೊಟ್ಟದ್ದಲ್ಲ. 1968ರಲ್ಲಿ ಅಲ್ಲಿ ಭಾರೀ ತೈಲ ಸಿಕ್ಕಿತ್ತು, ಪೈಪ್‌ಲೈನ್ ಎಳೀಬೇಕಿತ್ತು, ನೆಲ ಯಾರದು ಅನ್ನೋ ತಕರಾರು ಬಗೆಹರಿಯದೆ ಅದು ಸಾಧ್ಯವಿರಲಿಲ್ಲ. ಉಳಿದ ನೆಲದ ಮೇಲಿನ ಹಕ್ಕನ್ನ ಅವರು ಬಿಟ್ಟುಕೊಡಬೇಕಾಯಿತು. ಆದರೂ 1867ರಲ್ಲಿ ಯಾರನ್ನೂ ಕೇಳದೆ ಕೊಂಡ ನೆಲದ ಬಗ್ಗೆ, 104 ವರ್ಷ ಆದ ಮೇಲಾದರೂ ಕೂತು ಲೆಕ್ಕ ಮಾಡಿದರು.

ಕಾಕನಕೋಟೆಯ ಲೆಕ್ಕ ಹಾಗೆ ಆಗಲಿಲ್ಲ. ಜೇನುಕುರುಬರ, ಕಾಡುಕುರುಬರ ಕೈಯಲ್ಲಿ ಪಹಣಿ ಎಲ್ಲಿಂದ ಬರಬೇಕು? ಕಾಡು ಇಲಾಖೆಯದು, ನೀರು ನಾಲೆಯದು. ಹಾಡಿಗಳು ಕಾಡಿನ ಅಂಚಿಗೆ ಬಂದವು, ಜನ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. 1988ರಲ್ಲಿ ರಾಷ್ಟ್ರೀಯ ಉದ್ಯಾನ ಆದ ಮೇಲೆ ಇನ್ನಷ್ಟು ಹಾಡಿಗಳು ಹೊರಗೆ ಬಂದವು; ನಮ್ಮ ತಾಲ್ಲೂಕಿನ ನಾಗಾಪುರದಲ್ಲಿ ಹಾಗೆ ಬಂದವರ ಕಾಲೋನಿಗಳಿವೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನವರಿಗೆ ಆದದ್ದು ಚಾರಿತ್ರಿಕ ಅನ್ಯಾಯ ಅಂತ ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತೆ. ಒಪ್ಪಿಕೊಂಡದ್ದು ಒಂದು, ಹಾಡಿಯಲ್ಲಿ ಕೈಗೆ ಹಕ್ಕುಪತ್ರ ಬರೋದು ಇನ್ನೊಂದು.

ಆನೆಗಳ ಕಥೆ ಮಾತ್ರ ಸುಖವಾಗಿ ತಿರುಗಿಕೊಂಡಿತು. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡದಲ್ಲಿ ಹಸಿರು ಹುಲ್ಲು ಚಿಗುರುತ್ತೆ, ನೂರಾರು ಆನೆಗಳು ಬಂದು ಸೇರ್ತವೆ. ಏಷ್ಯಾದಲ್ಲೇ ಕಾಡಾನೆಗಳ ದೊಡ್ಡ ಕೂಟಗಳಲ್ಲಿ ಅದೂ ಒಂದು. ಒಂದು ಕಾಲಕ್ಕೆ ತಮಟೆ ಬಡಿದು, ಬೆಂಕಿ ಹಚ್ಚಿ ಅಟ್ಟಿದ ಹೊಳೆಗೆ ಈಗ ತಾವೇ ಬರ್ತವೆ. ಅಟ್ಟಣೆಯ ಬದಲು ಜೀಪು, ಯುವರಾಜರ ಬದಲು ನಾವು. ಕಾಡಿನ ಹಾದಿ ಬಲ್ಲವರು ಆಗಲೂ ಕುರುಬರೇ. ಈಗಲೂ ಆನೆ ಶಿಬಿರಗಳ ಮಾವುತರು, ಕಾವಾಡಿಗಳು, ಕಾಡಿನ ವಾಚರ್‌ಗಳಲ್ಲಿ ಎಷ್ಟೋ ಮಂದಿ ಅವರೇ.

ಏಳಕ್ಕೆ ಎಷ್ಟು ಬಂತು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ. ಹೊಸ ಪ್ರಶ್ನೆ ಬೇಕು ಅಂದರೆ ಮುಂದಿನ ಸಲ ಬಳ್ಳೆ ಶಿಬಿರದ ಹತ್ತಿರ ಗಾಡಿ ನಿಂತಾಗ ಆನೆಯ ಹೆಸರು ಕೇಳಿದ ಮೇಲೆ ಮಾವುತರ ಹೆಸರನ್ನೂ ಕೇಳಿ. ಅವರ ಹಾಡಿ ಯಾವುದು, ಅವರ ತಾತನ ಕಾಲದಲ್ಲಿ ಅದು ಎಲ್ಲಿತ್ತು ಅಂತಲೂ ಕೇಳಿ. ಬೆರಳು ಹಿನ್ನೀರಿನ ಕಡೆ ತೋರಿಸಿದರೆ ಆಶ್ಚರ್ಯ ಪಡಬೇಡಿ.